ಎತ್ತಿನ ಮನೆಯಿಂದ ಕಂಡ ಊರು: ರಾಂಪುರದ ಪ್ರಕರಣ

‘ಭಾರತೀಯ ಸಮಾಜದ ಅಧ್ಯಯನ ದೃಷ್ಟಿಕೋನಗಳು’ ಎಂಬ ಪಾಠ ಶುರು ಮಾಡುವ ದಿನ ನಾನು ಪುಸ್ತಕ ತೆರೆಯುವುದಿಲ್ಲ. ಬಿ.ಎ. ಮಕ್ಕಳ ಕೈಗೆ ಒಂದೊಂದು ಬಿಳಿ ಹಾಳೆ ಕೊಟ್ಟು, ನಿಮ್ಮ ನಿಮ್ಮ ಊರಿನ ನಕ್ಷೆ ಬರೆಯಿರಿ ಎನ್ನುತ್ತೇನೆ. ಅರ್ಧ ಗಂಟೆ ಬಿಟ್ಟು ಹಾಳೆಗಳನ್ನೆಲ್ಲ ಮೇಜಿನ ಮೇಲೆ ಹರಡಿದರೆ ಪ್ರತಿ ವರ್ಷವೂ ಒಂದೇ ಸಂಗತಿ ಕಣ್ಣಿಗೆ ಬೀಳುತ್ತದೆ. ದೇವಸ್ಥಾನ, ಅರಳಿಕಟ್ಟೆ, ಹಾಲಿನ ಡೇರಿ, ಶಾಲೆ, ಬಸ್‌ಸ್ಟಾಪು, ಪಂಚಾಯ್ತಿ ಆಫೀಸು ಎಲ್ಲ ಇರುತ್ತವೆ. ಕೇರಿ ಮಾತ್ರ ಹಾಳೆಯ ಅಂಚಿನಲ್ಲಿ ನಾಲ್ಕು ಚೌಕಗಳಾಗಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಕೇಳಿದರೆ ಉತ್ತರ ಸಲೀಸು: “ಅದು ಊರಾಚೆ ಬರುತ್ತೆ ಸಾರ್.” ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ನುಡಿಯೇ ಹಾಗೆ ಕಲಿಸಿಬಿಟ್ಟಿದೆ. ‘ಊರು-ಕೇರಿ’ ಎಂದು ಜೋಡಿಸಿ ಹೇಳಬೇಕಾಗಿ ಬಂದಿದೆ ಎಂದರೆ ಒಂದರೊಳಗೆ ಇನ್ನೊಂದು ಸೇರಿಲ್ಲ ಎಂದೇ ಅರ್ಥ.

ಪರೀಕ್ಷೆಯ ಲೆಕ್ಕದಲ್ಲಿ ಈ ಪಾಠ ನಾಲ್ಕು ಟಿಪ್ಪಣಿ. ಭಾರತಶಾಸ್ತ್ರೀಯ ದೃಷ್ಟಿ ಎಂದರೆ ಘುರ್ಯೆ, ರಚನಾ-ಕಾರ್ಯಾತ್ಮಕ ದೃಷ್ಟಿ ಎಂದರೆ ಶ್ರೀನಿವಾಸ್, ಮಾರ್ಕ್ಸ್‌ವಾದಿ ದೃಷ್ಟಿ ಎಂದರೆ ಎ.ಆರ್. ದೇಸಾಯಿ, ತಳಸಮುದಾಯದ ದೃಷ್ಟಿ ಎಂದರೆ ಅಂಬೇಡ್ಕರ್. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಅಂಕವೂ ಬರುತ್ತದೆ. ಆದರೆ ನಾಲ್ಕನ್ನೂ ಒಂದೇ ಹಳ್ಳಿಯ ಮೇಲೆ ಹೂಡಿ ನೋಡುವ ಅಭ್ಯಾಸ ನಮ್ಮಲ್ಲಿಲ್ಲ. ಅದಕ್ಕೆ ರಾಂಪುರಕ್ಕಿಂತ ಒಳ್ಳೆಯ ಪ್ರಕರಣ ನನಗೆ ಗೊತ್ತಿಲ್ಲ. ಅದು ನಮ್ಮದೇ ಹಳೇ ಮೈಸೂರು ಸೀಮೆಯ ಹಳ್ಳಿ. ಭಾರತದ ಸಮಾಜಶಾಸ್ತ್ರದಲ್ಲಿ ಅದರಷ್ಟು ಹೆಸರಾದ ಹಳ್ಳಿಗಳು ಕಡಿಮೆ.

ಹಾಗೆ ನೋಡಿದರೆ ಅದು ನಿಜವಾದ ಹೆಸರೂ ಅಲ್ಲ. ಊರಿನವರಿಗೆ ಮುಜುಗರವಾಗದಿರಲಿ ಎಂದು ಅಲ್ಲಿ ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಇಟ್ಟ ಹೆಸರು. ಈ ಬರಹದಲ್ಲೂ ಅದನ್ನೇ ಉಳಿಸಿಕೊಳ್ಳುತ್ತೇನೆ.

ಬಂದವರು ಯಾರು, ಬಂದದ್ದೇಕೆ

ಶ್ರೀನಿವಾಸ್ ಹುಟ್ಟಿದ್ದು 1916ರಲ್ಲಿ, ಮೈಸೂರಿನಲ್ಲಿ. ಮನೆಮಾತು ತಮಿಳು, ಅಯ್ಯಂಗಾರ್ ಮನೆತನ. ಹಿರಿಯರು ಅರಕೆರೆಯವರು. ಮಕ್ಕಳ ಓದಿಗಾಗಿ ಹಳ್ಳಿ ಬಿಟ್ಟು ಪೇಟೆ ಸೇರಿದ ಆ ಕಾಲದ ಎಷ್ಟೋ ಬ್ರಾಹ್ಮಣ ಕುಟುಂಬಗಳಲ್ಲಿ ಇದೂ ಒಂದು. ಮಹಾರಾಜಾ ಕಾಲೇಜಿನಲ್ಲಿ ಓದಿ, ಮುಂಬಯಿಗೆ ಹೋಗಿ ಜಿ.ಎಸ್. ಘುರ್ಯೆಯವರ ಶಿಷ್ಯರಾದರು. ಮೈಸೂರಿನ ಮದುವೆ ಮತ್ತು ಕುಟುಂಬದ ಬಗ್ಗೆ ಅವರು ಬರೆದದ್ದು 1942ರಲ್ಲಿ ಪುಸ್ತಕವಾಗಿ ಬಂತು. ಆಮೇಲೆ ಕೊಡಗರ ಮೇಲೆ ಸಂಶೋಧನೆ. 1945ರಲ್ಲಿ ಆಕ್ಸ್‌ಫರ್ಡಿಗೆ ಹೋದಾಗ ಮಾನವಶಾಸ್ತ್ರಜ್ಞರಾದ ರ‍್ಯಾಡ್‌ಕ್ಲಿಫ್-ಬ್ರೌನ್ ಮೊದಲು, ಇವಾನ್ಸ್-ಪ್ರಿಚರ್ಡ್ ಆಮೇಲೆ ಗುರುಗಳಾಗಿ ಸಿಕ್ಕರು. ಅಲ್ಲಿಯೇ ಅಧ್ಯಾಪಕ ಹುದ್ದೆ ಸಿಕ್ಕಿತು, ಜೊತೆಗೆ ಮೊದಲ ವರ್ಷವನ್ನು ಕ್ಷೇತ್ರಕಾರ್ಯದಲ್ಲಿ ಕಳೆಯಬಹುದು ಎಂಬ ಅನುಕೂಲವೂ.

ಘುರ್ಯೆಯಿಂದ ಆಕ್ಸ್‌ಫರ್ಡಿನವರೆಗಿನ ಈ ದಾರಿಯೇ ಪ್ರಕರಣದ ಮೊದಲ ತಿರುವು. ಘುರ್ಯೆ ಸಂಸ್ಕೃತ ಬಲ್ಲವರು. ಜಾತಿಯನ್ನು ವೇದ, ಧರ್ಮಶಾಸ್ತ್ರ, ಪುರಾಣಗಳ ಉದ್ದಕ್ಕೂ ಹಿಂಬಾಲಿಸಿ ಹೋಗಿ ಅರ್ಥ ಮಾಡಿಕೊಳ್ಳಬೇಕು ಎನ್ನುವವರು. ಭಾರತಶಾಸ್ತ್ರೀಯ ದೃಷ್ಟಿ ಎಂದರೆ ಇದೇ. ಜಾತಿಗೆ ಅವರು ಗುರುತಿಸಿದ ಆರು ಲಕ್ಷಣಗಳು ಇವತ್ತಿಗೂ ಪ್ರಶ್ನೆಪತ್ರಿಕೆ ಬಿಟ್ಟು ಹೋಗಿಲ್ಲ. ಅವರನ್ನು ‘ಆರಾಮಕುರ್ಚಿಯ ವಿದ್ವಾಂಸ’ ಎಂದು ತಳ್ಳಿಹಾಕುವುದು ಈಚೆಗೆ ಒಂದು ಚಾಳಿಯಾಗಿದೆ. ಶಿಷ್ಯರನ್ನು ಊರೂರಿಗೆ ಅಟ್ಟಿ ಮಾಹಿತಿ ತರಿಸಿದವರೂ ಅವರೇ ಎಂಬುದನ್ನು ಮರೆಯಬಾರದು. ಆಕ್ಸ್‌ಫರ್ಡಿನ ಪಾಠ, ಅಂದರೆ ರಚನಾ-ಕಾರ್ಯಾತ್ಮಕ ದೃಷ್ಟಿ, ಬೇರೆ ಬಗೆಯದು. ಒಂದು ಸಮಾಜ ಎಲ್ಲಿಂದ ಬಂತು ಎಂದು ಕೇಳುವ ಮೊದಲು ಇವತ್ತು ಹೇಗೆ ನಡೆಯುತ್ತಿದೆ ಎಂದು ಕೇಳು, ಯಾವ ಭಾಗ ಯಾವುದಕ್ಕೆ ಆಸರೆಯಾಗಿದೆ ನೋಡು, ಅದಕ್ಕಾಗಿ ಅಲ್ಲೇ ಹೋಗಿ ಇರು.

1948ರ ಫೆಬ್ರವರಿಯಲ್ಲಿ ಶ್ರೀನಿವಾಸ್ ರಾಂಪುರಕ್ಕೆ ಹೋಗಿ ಇದ್ದರು. ಆ ವರ್ಷದ ಬಹುಪಾಲು ಅಲ್ಲೇ ಕಳೆಯಿತು, 1952ರ ಬೇಸಿಗೆಯಲ್ಲಿ ಮತ್ತೆ ಬಂದರು. ಆಗ ಹಳ್ಳಿಯಲ್ಲಿದ್ದದ್ದು ಸುಮಾರು ಒಂದೂವರೆ ಸಾವಿರ ಜನ. ಹತ್ತೊಂಬತ್ತು ಹಿಂದೂ ಜಾತಿಗಳು, ಜೊತೆಗೆ ಮುಸ್ಲಿಮರು. ಜನಸಂಖ್ಯೆಯಲ್ಲಿ ಸರಿಸುಮಾರು ಅರ್ಧದಷ್ಟು ಒಕ್ಕಲಿಗರು. ಅವರಲ್ಲೇ ಪಟೇಲರು, ಅವರಲ್ಲೇ ನಾಡಗೌಡರು. ಭೂಮಿ, ಸಾಲ, ನ್ಯಾಯ ಎಲ್ಲ ಆ ಎರಡು ಮನೆಗಳ ಅಂಗಳದಲ್ಲಿ ತಿರುಗುತ್ತಿದ್ದವು. ಹೊರಗಿನಿಂದ ಬಂದ ಈ ಓದಿದ ಬ್ರಾಹ್ಮಣನಿಗೆ ಇರಲು ಜಾಗ ಕೊಟ್ಟವರು ಪಟೇಲರು. ಅವರ ಎತ್ತುಗಳನ್ನು ಕಟ್ಟುತ್ತಿದ್ದ ಮನೆಯದು. ಅದಕ್ಕೇ ಶ್ರೀನಿವಾಸ್ ಬರಹಗಳಲ್ಲಿ ಅದು ‘ಎತ್ತಿನ ಮನೆ’. ಮಂಚ, ಪುಸ್ತಕ, ಅಡುಗೆಯವ, ಟಿಪ್ಪಣಿಯ ಹಾಳೆಗಳು ಎಲ್ಲ ಅಲ್ಲಿಗೇ ಬಂದಿಳಿದವು.

ಆ ಮಂಚ ಎಲ್ಲಿ ಬಿತ್ತು ಎಂಬುದು ಆಗ ಬರೀ ವಸತಿಯ ಪ್ರಶ್ನೆಯಾಗಿತ್ತು. ನನ್ನ ಮಟ್ಟಿಗೆ ಇಡೀ ಪ್ರಕರಣ ನಿಂತಿರುವುದೇ ಅದರ ಮೇಲೆ.

ಪುಸ್ತಕ ಸೋತ ಜಾಗ

ಮೊದಲು ಎತ್ತಿನ ಮನೆಯಿಂದ ಏನು ಕಂಡಿತು ಎಂಬುದನ್ನು ಹೇಳಬೇಕು, ಏಕೆಂದರೆ ಕಂಡದ್ದು ಸಣ್ಣದಲ್ಲ.

ಗ್ರಂಥಗಳ ಪ್ರಕಾರ ವರ್ಣ ನಾಲ್ಕು, ಅವುಗಳ ಮೇಲುಕೀಳು ಗೆರೆ ಎಳೆದ ಹಾಗೆ ಸ್ಪಷ್ಟ. ಹಳ್ಳಿಯಲ್ಲಿ ಕುಳಿತು ನೋಡಿದರೆ ಮೇಲಿನ ತುದಿ ಗೊತ್ತು, ಕೆಳಗಿನ ತುದಿ ಗೊತ್ತು, ನಡುವೆ ಎಲ್ಲವೂ ತಕರಾರು. ಶ್ರೀನಿವಾಸ್ ಕೊಡುವ ಒಂದು ಉದಾಹರಣೆಯನ್ನು ನಾನು ತರಗತಿಯಲ್ಲಿ ಯಾವತ್ತೂ ಬಿಡುವುದಿಲ್ಲ. ಮೈಸೂರು ಸೀಮೆಯ ಆಚಾರಿಗಳು ಜನಿವಾರ ಹಾಕುತ್ತಾರೆ, ತಾವು ವಿಶ್ವಕರ್ಮ ಬ್ರಾಹ್ಮಣರು ಎನ್ನುತ್ತಾರೆ. ಸಂಸ್ಕಾರಗಳ ಪಟ್ಟಿ ಹಿಡಿದು ನೋಡುವವರಿಗೆ ಅವರು ಏಣಿಯ ಮೇಲಿನ ಮೆಟ್ಟಿಲಲ್ಲಿರಬೇಕು. ಆದರೆ ಅದೇ ಸೀಮೆಯಲ್ಲಿ ಕೇರಿಯ ಹೊಲೆಯರು ಆಚಾರಿಗಳ ಮನೆಯ ನೀರು ಮುಟ್ಟುತ್ತಿರಲಿಲ್ಲ. ಜಾತಿಗಳು ಎರಡು ಬಣಗಳಾಗಿ ಒಡೆದಿದ್ದ ಎಡಗೈ-ಬಲಗೈ ಪಣಗಳ ಹಳೆಯ ಜಗಳದ ನೆರಳು ಅದು. ಯಾವ ಸ್ಮೃತಿಯಲ್ಲಿ ಹುಡುಕಿದರೂ ಇದಕ್ಕೆ ವಿವರಣೆ ಸಿಗುವುದಿಲ್ಲ. ಯಾರು ಯಾರ ಮನೆಯಲ್ಲಿ ಏನು ತಿನ್ನುತ್ತಾರೆ, ಪಂಕ್ತಿ ಎಲ್ಲಿ ಮುರಿಯುತ್ತದೆ ಎಂದು ಕಾದು ಕುಳಿತು ನೋಡಿದವರಿಗೆ ಮಾತ್ರ ಸಿಗುತ್ತದೆ. ಗ್ರಂಥದ ನೋಟ ಬೇರೆ, ಕ್ಷೇತ್ರದ ನೋಟ ಬೇರೆ ಎಂದು ಶ್ರೀನಿವಾಸ್ ಬೇರ್ಪಡಿಸಿದ್ದು ಇಂಥ ಸಂಗತಿಗಳ ಬಲದ ಮೇಲೆ.

ಹಳ್ಳಿಯ ಜಗಳಗಳೂ ಅವರಿಗೆ ದೊಡ್ಡ ಗಣಿಯಾದವು. ಅಣ್ಣತಮ್ಮಂದಿರ ಪಾಲಿನ ಜಗಳ, ಅಗಸರ ಕುಲದೊಳಗಿನ ಜಗಳ, ಕುಂಬಾರನಿಗೂ ಪೂಜಾರಿಗೂ ಹತ್ತಿಕೊಂಡ ಜಗಳ ಒಂದೊಂದೂ ಒಂದೊಂದು ಲೇಖನವಾಯಿತು. ಅವರು ಗಮನಿಸಿದ್ದೇನೆಂದರೆ, ಜಗಳ ಯಾವ ಜಾತಿಯದ್ದಾದರೂ ಆಗಿರಲಿ, ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಒಕ್ಕಲಿಗ ಯಜಮಾನರ ಮುಂದೆ. ಕೋರ್ಟಿಗಿಂತ ಅಲ್ಲಿನ ಮಾತಿಗೆ ತೂಕ ಹೆಚ್ಚು. ವರ್ಣದ ಲೆಕ್ಕದಲ್ಲಿ ಶೂದ್ರರು, ಊರಿನ ಲೆಕ್ಕದಲ್ಲಿ ದೊರೆಗಳು. ಈ ಗಂಟನ್ನು ಬಿಡಿಸಲು ಅವರು ತಂದ ಪದವೇ ‘ಪ್ರಬಲ ಜಾತಿ’. ತಲೆಎಣಿಕೆ, ಭೂಮಿ, ಅಧಿಕಾರ, ತೀರಾ ಕೆಳಗಲ್ಲದ ಸಾಮಾಜಿಕ ಸ್ಥಾನ, ಜೊತೆಗೆ ಹೊಸ ಕಾಲದ ಓದು-ನೌಕರಿ ಸೇರಿದಾಗ ಒಂದು ಜಾತಿ ಪ್ರಬಲವಾಗುತ್ತದೆ. ರಾಂಪುರದ ಪ್ರಬಲ ಜಾತಿಯ ಮೇಲಿನ ಲೇಖನ ಬಂದದ್ದು 1959ರಲ್ಲಿ. ಅದಕ್ಕೂ ಮೊದಲು, 1955ರ ಲೇಖನವೊಂದರಲ್ಲಿ, ಊರ ಯಜಮಾನ ತನ್ನ ಕಡೆಯವರ ಮತಗಳನ್ನು ಒಟ್ಟಿಗೆ ಹಾಕಿಸಬಲ್ಲ ಎಂಬುದನ್ನು ವಿವರಿಸಲು ‘ವೋಟ್ ಬ್ಯಾಂಕ್’ ಎಂದರು. ಇವತ್ತು ಟೀವಿ ಚರ್ಚೆಯಲ್ಲಿ ಆ ಪದ ಎಸೆದಾಡುವವರಿಗೆ ಅದರ ತವರು ಮೈಸೂರು ಸೀಮೆಯ ಪಟೇಲರ ಅಂಗಳ ಎಂದು ಗೊತ್ತಿರಲಿಕ್ಕಿಲ್ಲ. ಅರ್ಥವೂ ತಿರುವುಮುರುವಾಗಿದೆ. ಅಲ್ಲಿ ಬ್ಯಾಂಕು ಇದ್ದದ್ದು ಯಜಮಾನನ ಕೈಯಲ್ಲಿ. ಈಗ ಆ ಪದದಲ್ಲಿ ಬೈಸಿಕೊಳ್ಳುವವರು ಮತ ಹಾಕುವವರು.

ಹಳ್ಳಿಯನ್ನು ಹೀಗೆ ಒಂದು ಘಟಕವಾಗಿ ನೋಡುವುದನ್ನು ಫ್ರೆಂಚ್ ಮಾನವಶಾಸ್ತ್ರಜ್ಞ ಲೂಯಿ ಡುಮೋ ಒಪ್ಪಲಿಲ್ಲ. ಭಾರತದಲ್ಲಿ ಹಳ್ಳಿ ಎನ್ನುವುದು ಮನೆಗಳ ಗುಂಪು ಅಷ್ಟೇ, ಸಮಾಜವನ್ನು ಹಿಡಿದಿಟ್ಟಿರುವುದು ಜಾತಿ, ಜಾತಿಯನ್ನು ಹಿಡಿದಿಟ್ಟಿರುವುದು ಮಡಿ-ಮೈಲಿಗೆಯ ವಿಚಾರ ಎಂಬುದು ಅವರ ನಿಲುವು. ಶ್ರೀನಿವಾಸ್ 1975ರಲ್ಲಿ ಉತ್ತರ ಕೊಟ್ಟರು: ಜಾತಿ ಒಡೆದಿಟ್ಟರೂ ಊರಿಗೊಂದು ಒಗ್ಗಟ್ಟು ಇದೆ, ತಮ್ಮೂರು ಎಂಬ ಅಭಿಮಾನ ಬರೀ ಭ್ರಮೆಯಲ್ಲ. ವಾದ ಗಂಭೀರವಾದದ್ದೇ. ಆದರೆ ‘ತಮ್ಮೂರು’ ಎನ್ನುವಾಗ ‘ತಮ್ಮ’ ಎಂಬುದರಲ್ಲಿ ಯಾರು ಯಾರು ಬರುತ್ತಾರೆ ಎಂಬ ಪ್ರಶ್ನೆ ಇಬ್ಬರ ನಡುವೆಯೂ ಉಳಿದೇಹೋಯಿತು.

ಹಳೇಮಗ

ನಾಲ್ಕು ದೃಷ್ಟಿಕೋನಗಳನ್ನು ಒಂದೇ ಪದದ ಮೇಲೆ ಇಟ್ಟು ನೋಡೋಣ ಎನ್ನುವವರಿಗೆ ಹಳೇ ಮೈಸೂರು ಕೊಡುವ ಪದ ‘ಹಳೇಮಗ’.

ಒಕ್ಕಲಿಗ ಕುಟುಂಬವೊಂದಕ್ಕೂ ಕೇರಿಯ ಕುಟುಂಬವೊಂದಕ್ಕೂ ತಲೆಮಾರುಗಳಿಂದ ಬಂದ ಕಟ್ಟು ಅದು. ಒಡೆಯರ ಮನೆಯ ಮದುವೆ, ಹಬ್ಬ, ಸಾವಿನಲ್ಲಿ ಹಳೇಮಗನಿಗೆ ಗೊತ್ತುಪಡಿಸಿದ ಕೆಲಸಗಳಿದ್ದವು, ಪ್ರತಿಯಾಗಿ ಗೊತ್ತುಪಡಿಸಿದ ಕಾಳುಕಡ್ಡಿ, ಊಟ, ಬಟ್ಟೆ ಇದ್ದವು. ಇದರ ಪಕ್ಕದಲ್ಲೇ ಕಮ್ಮಾರ, ಅಗಸ, ಕ್ಷೌರಿಕರಿಗೆ ಸುಗ್ಗಿಯಲ್ಲಿ ವರ್ಷಕ್ಕೊಮ್ಮೆ ಧಾನ್ಯ ಅಳೆದುಕೊಡುವ ‘ಅಡಡೆ’. ಇವೆಲ್ಲಕ್ಕಿಂತ ಬಿಗಿಯಾದದ್ದು ಸಾಲಕ್ಕೆ ದುಡಿಯುವ ಜೀತ.

ರಚನಾ-ಕಾರ್ಯಾತ್ಮಕ ಕಣ್ಣಿಗೆ ಇದು ಪರಸ್ಪರ ಅವಲಂಬನೆ. ನೇಗಿಲು ಕೆಟ್ಟರೆ ಕಮ್ಮಾರ ಬೇಕು, ಕಮ್ಮಾರನ ಮನೆಯಲ್ಲಿ ಒಲೆ ಹತ್ತಬೇಕಾದರೆ ಒಕ್ಕಲಿಗನ ಕಣದಲ್ಲಿ ಕಾಳಿರಬೇಕು. ಸುಳ್ಳಲ್ಲ. ಊರು ಎಂಬ ಯಂತ್ರ ಓಡುತ್ತಿದ್ದದ್ದು ಹೀಗೆಯೇ, ಅದನ್ನು ಇಷ್ಟು ಹತ್ತಿರದಿಂದ ಮೊದಲು ತೋರಿಸಿದ್ದು ಈ ದೃಷ್ಟಿಯೇ.

ಭಾರತಶಾಸ್ತ್ರೀಯ ಕಣ್ಣಿಗೆ ಹಳೇಮಗ ಕಾಣುವುದೇ ಇಲ್ಲ. ಅವನು ಸಂಸ್ಕೃತದಲ್ಲಿಲ್ಲ.

ಮಾರ್ಕ್ಸ್‌ವಾದಿಗಳು ಕೇಳುವುದು ಬೇರೆ. ಕಾಳನ್ನು ಅಳೆಯುವ ಬಳ್ಳ ಯಾರದ್ದು? ಭೂಮಿ ಒಂದು ಕಡೆ, ಬರೀ ಕೈ ಇನ್ನೊಂದು ಕಡೆ ಇರುವಾಗ ‘ಪರಸ್ಪರ’ ಎಂಬ ಮಾತು ಹೇಗೆ ಬಂತು? ಘುರ್ಯೆಯವರ ಇನ್ನೊಬ್ಬ ಶಿಷ್ಯ ಎ.ಆರ್. ದೇಸಾಯಿ, ಶ್ರೀನಿವಾಸ್ ಎತ್ತಿನ ಮನೆಯಲ್ಲಿದ್ದ ಅದೇ 1948ರಲ್ಲಿ, ಭಾರತದ ರಾಷ್ಟ್ರೀಯತೆಯ ಸಾಮಾಜಿಕ ಹಿನ್ನೆಲೆಯ ಪುಸ್ತಕ ಹೊರತಂದರು. ಬ್ರಿಟಿಷರ ಕಾಲದಲ್ಲಿ ಭೂಮಿ, ತೆರಿಗೆ, ಮಾರುಕಟ್ಟೆ ಬದಲಾದ ಬಗೆಯಿಂದಲೇ ಅವರು ಎಲ್ಲವನ್ನೂ ಬಿಡಿಸುತ್ತಾ ಹೋಗುತ್ತಾರೆ. ಈ ಕಣ್ಣಿನ ಬಲ ರಾಂಪುರದಲ್ಲೂ ಗೊತ್ತಾಗುತ್ತದೆ. ಶ್ರೀನಿವಾಸ್ 1952ರಲ್ಲಿ ಮರಳಿ ಬಂದಾಗ ಊರಿನ ದೊಡ್ಡವರ ಹಣ ಬಸ್ಸು, ಅಕ್ಕಿ ಗಿರಣಿಗಳಲ್ಲಿ ಓಡಾಡತೊಡಗಿತ್ತು. ಒಕ್ಕಲು ಬಂಡವಾಳವಾಗುತ್ತಿದ್ದ ಹೊತ್ತು ಅದು. ಶ್ರೀನಿವಾಸ್ ಇದನ್ನು ದಾಖಲಿಸುತ್ತಾರೆ, ಆದರೆ ಅದು ಅವರ ಚಿತ್ರದ ಅಂಚಿನಲ್ಲಿದೆ. ಅದನ್ನು ನಡುವಿಗೆ ತಂದವರು ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್. ಮಂಡ್ಯದ ಕಡೆ 1954ರಿಂದ ಎರಡು ವರ್ಷ ಇದ್ದು, ನಾಲೆ ನೀರು ಬಂದ ಒಂದು ಹಳ್ಳಿ, ಬಾರದ ಒಂದು ಹಳ್ಳಿ ಆರಿಸಿಕೊಂಡರು. ನೀರು ಬಂದ ಊರಲ್ಲಿ ಕಬ್ಬು ಬೆಳೆದು ಹಣ ಬಂದರೂ ಹಳೇಮಗ, ಅಡಡೆಗಳಂಥ ಕಟ್ಟುಗಳು ಗಟ್ಟಿಯಾಗಿಯೇ ಉಳಿದವು. ನೀರು ಬಾರದ ಊರಿನವರು ಮಂಡ್ಯದ ಕೆಲಸ, ವ್ಯಾಪಾರ ಎಂದು ಹೊರಗೆ ಹೊರಟರು, ಅಲ್ಲಿ ಹಳೆಯ ಕಟ್ಟುಗಳು ಸಡಿಲವಾದವು. ಹಣ ಬಂದರೆ ಜಾತಿ ಸಡಿಲವಾಗುತ್ತದೆ ಎಂದು ಕಣ್ಣುಮುಚ್ಚಿ ಹೇಳುವವರು ಈ ಎರಡು ಹಳ್ಳಿಗಳನ್ನು ಒಮ್ಮೆ ನೋಡಬೇಕು. ಹಾಗೆಯೇ, ಎಲ್ಲವೂ ಭೂಮಿಯಿಂದಲೇ ತೀರ್ಮಾನವಾಗುತ್ತದೆ ಎನ್ನುವವರೂ ನೋಡಬೇಕು.

ಉಳಿದದ್ದು ಕೇರಿಯ ಕಡೆಯ ಕಣ್ಣು. ಅದಕ್ಕೆ ಪದದೊಳಗಿನ ‘ಮಗ’ ಎಂಬುದೇ ಮೊದಲು ಚುಚ್ಚುತ್ತದೆ. ಮಗ ಎಂದು ಕರೆದು ಹೊಸಿಲು ದಾಟಲು ಬಿಡದ ಸಂಬಂಧಕ್ಕೆ ಯಾವ ಪಾರಿಭಾಷಿಕ ಪದ ಕೊಟ್ಟರೆ ಸರಿಹೋದೀತು? ‘ಅವಲಂಬನೆ’ ಎಂಬ ಪದ ಇಲ್ಲಿ ಏನನ್ನೋ ಒರೆಸಿಹಾಕುತ್ತದೆ. ಅಂಬೇಡ್ಕರ್ 1916ರಲ್ಲಿ, ಇಪ್ಪತ್ತೈದು ವಯಸ್ಸಿನಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದ ಸೆಮಿನಾರಿನಲ್ಲಿ ಜಾತಿಗಳ ಹುಟ್ಟಿನ ಬಗ್ಗೆ ಪ್ರಬಂಧ ಓದಿದ್ದರು. ಜಾತಿ ಎಂದರೆ ಸುತ್ತ ಬೇಲಿ ಹಾಕಿಕೊಂಡ ವರ್ಗ, ಅದರ ಬೀಗ ಒಳಮದುವೆ, ಆ ಬೀಗ ಕಾಯಲು ಸತಿ, ವಿಧವೆಯರ ಮೇಲಿನ ಕಟ್ಟುಪಾಡು, ಬಾಲ್ಯವಿವಾಹಗಳು ಬಂದವು ಎಂಬ ವಾದ. ಕೆಲವರು ತಾವೇ ಬಾಗಿಲು ಮುಚ್ಚಿಕೊಂಡರು, ಉಳಿದವರು ತಮ್ಮೆದುರಿನ ಬಾಗಿಲು ಮುಚ್ಚಿರುವುದನ್ನು ಕಂಡರು ಎಂಬ ಮಾತೂ ಅಲ್ಲಿ ಬರುತ್ತದೆ. ಹೆಣ್ಣನ್ನು ಹಿಡಿತದಲ್ಲಿಡದೆ ಜಾತಿ ಉಳಿಯುವುದಿಲ್ಲ ಎಂದು ಅಷ್ಟು ಬೇಗ, ಅಷ್ಟು ನೇರವಾಗಿ ಹೇಳಿದ ಪ್ರಬಂಧವನ್ನು ನಮ್ಮ ಪಠ್ಯಗಳು ಬಹುಕಾಲ ಸಮಾಜಶಾಸ್ತ್ರದ ಕಪಾಟಿನಲ್ಲಿ ಇಡಲೇ ಇಲ್ಲ. ರಾಜಕೀಯದ ಕಪಾಟಿಗೆ ಸೇರಿಸಿ ಸುಮ್ಮನಾದವು.

1948ರ ನವೆಂಬರ್ 4ರಂದು ಅದೇ ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಕರಡು ಮಂಡಿಸುತ್ತಾ ಹಳ್ಳಿಯ ಮಾತೆತ್ತಿದರು. ಬ್ರಿಟಿಷ್ ಅಧಿಕಾರಿ ಮೆಟ್‌ಕಾಫ್ ಭಾರತದ ಹಳ್ಳಿಗಳನ್ನು ಪುಟ್ಟ ಗಣರಾಜ್ಯಗಳು ಎಂದು ಹೊಗಳಿದ್ದ. ಅಂಬೇಡ್ಕರ್ ಕಣ್ಣಿಗೆ ಹಳ್ಳಿ ಎಂದರೆ ಸಂಕುಚಿತತೆಯ ಕೊಳಚೆ, ಅಜ್ಞಾನದ ಗುಹೆ. ಒಂದೇ ವರ್ಷ, ಒಂದೇ ದೇಶ. ಎತ್ತಿನ ಮನೆಯಲ್ಲಿ ಕುಳಿತ ಒಬ್ಬರಿಗೆ ಹಳ್ಳಿ ಸಮಾಜದ ನಾಡಿ, ಅದರಿಂದ ಹೊರಹಾಕಿಸಿಕೊಂಡ ಜನರ ಪರ ನಿಂತ ಇನ್ನೊಬ್ಬರಿಗೆ ಅದು ಬಿಟ್ಟು ಹೊರಡಬೇಕಾದ ಜಾಗ. ಇಬ್ಬರಲ್ಲಿ ಯಾರು ಸರಿ ಎಂದು ಮಕ್ಕಳು ಕೇಳುತ್ತಾರೆ. ಇಬ್ಬರೂ ಒಂದೇ ಹಳ್ಳಿಯನ್ನು ನೋಡುತ್ತಿದ್ದರೇ ಎಂದು ನಾನು ತಿರುಗಿ ಕೇಳುತ್ತೇನೆ.

ಎರಡು ಬೆಂಕಿ

ಪ್ರಕರಣದ ಎಲ್ಲರಿಗೂ ಗೊತ್ತಿರುವ ಭಾಗ ಈಗ ಬರುತ್ತದೆ.

1951ರಲ್ಲಿ ಬರೋಡಾದಲ್ಲಿ, 1959ರಲ್ಲಿ ದೆಹಲಿಯಲ್ಲಿ ಸಮಾಜಶಾಸ್ತ್ರ ವಿಭಾಗ ಕಟ್ಟುವ ಕೆಲಸದಲ್ಲಿ ಶ್ರೀನಿವಾಸರಿಗೆ ರಾಂಪುರದ ಪುಸ್ತಕ ಬರೆಯಲು ಪುರಸತ್ತು ಸಿಗಲಿಲ್ಲ. ಟಿಪ್ಪಣಿಗಳನ್ನು ವಿಷಯವಾರು ವಿಂಗಡಿಸಿ, ತಿದ್ದಿ, ಮೂರು ಪ್ರತಿ ಮಾಡಿಟ್ಟುಕೊಂಡಿದ್ದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನ ಸಂಶೋಧನಾ ಕೇಂದ್ರವೊಂದಕ್ಕೆ, ಈ ಸಲ ಬರೆದೇ ಬಿಡುವುದು ಎಂದು, ಮೂರನ್ನೂ ಹೊತ್ತೊಯ್ದರು. ವಿಯೆಟ್ನಾಂ ಯುದ್ಧದ ವಿರುದ್ಧ ಅಲ್ಲಿನ ಕ್ಯಾಂಪಸ್ಸುಗಳು ಕೊತಕೊತ ಕುದಿಯುತ್ತಿದ್ದ ದಿನಗಳವು. ಏಪ್ರಿಲ್ 24ರಂದು ಯಾರೋ ಕಟ್ಟಡಕ್ಕೆ ಬೆಂಕಿ ಇಟ್ಟರು. ಮೂರು ಪ್ರತಿಗಳೂ ಬೂದಿಯಾದವು. ಮೂಲ ದಿನಚರಿಗಳು ದೆಹಲಿಯಲ್ಲಿದ್ದವು, ಆದರೆ ಹದಿನೆಂಟು ವರ್ಷ ಅವುಗಳ ಮೇಲೆ ಮಾಡಿದ ಕೆಲಸ ಹೋಯಿತು. ಮಾನವಶಾಸ್ತ್ರಜ್ಞ ಸಾಲ್ ಟ್ಯಾಕ್ಸ್ ಸಮಾಧಾನ ಹೇಳುತ್ತಾ, ನೆನಪಿನಿಂದಲೇ ಬರೆಯಬಾರದೇಕೆ ಎಂದರಂತೆ. ಹಾಗೆ ಬರೆದ ಪುಸ್ತಕ 1976ರಲ್ಲಿ ಬಂತು. ಹೆಸರಿನಲ್ಲೇ ಅದು ನೆನಪಾದ ಹಳ್ಳಿ.

ಸಮಾಜಶಾಸ್ತ್ರದವರೆಲ್ಲ ಈ ಕತೆಯನ್ನು ಕಣ್ಣರಳಿಸಿ ಹೇಳುತ್ತಾರೆ. ನಾನೂ ಹೇಳುತ್ತೇನೆ, ಒಳ್ಳೆಯ ಕತೆ. ಪುಸ್ತಕಕ್ಕೆ ಅದರಿಂದ ಲಾಭವೇ ಆಯಿತು ಎಂಬುದು ನನ್ನ ಅಭಿಪ್ರಾಯ. ಕೋಷ್ಟಕಗಳು ಸುಟ್ಟುಹೋಗಿದ್ದರಿಂದ ಮನುಷ್ಯರು ಉಳಿದರು. ಪಟೇಲರ ಬಿಗುಮಾನ, ನಾಡಗೌಡರ ಗಾಂಭೀರ್ಯ, ಕುಳ್ಳೇಗೌಡನ ಚಾಲಾಕಿತನ ಇವೆಲ್ಲ ಯಾವ ಗಣತಿಯ ಹಾಳೆಯಲ್ಲೂ ಸಿಗುವಂಥವಲ್ಲ. ಕಾದಂಬರಿಯ ಹಾಗೆ ಓದಿಸಿಕೊಳ್ಳುವ ಸಮಾಜಶಾಸ್ತ್ರದ ಪುಸ್ತಕಗಳು ಎಷ್ಟಿವೆ?

ಆದರೆ ನೆನಪಿಗೆ ಒಂದು ಮಿತಿಯಿದೆ. ಬರೆಯದಿದ್ದದ್ದನ್ನು ಅದು ತಂದುಕೊಟ್ಟೀತು, ಹೋಗದಿದ್ದ ಜಾಗವನ್ನು ತಂದುಕೊಡಲಾರದು. ಪಟೇಲರ ಅತಿಥಿಯಾದವನು, ಅದರಲ್ಲೂ ಬ್ರಾಹ್ಮಣ, ಕೇರಿಯಲ್ಲಿ ಬೇಕಾದಂತೆ ಓಡಾಡಿಕೊಂಡಿರಲು ಊರು ಬಿಡುತ್ತಿರಲಿಲ್ಲ. ಬಿಟ್ಟರೂ ಕೇರಿಯವರು ಪಟೇಲರ ಅತಿಥಿಯ ಮುಂದೆ ಬಾಯಿ ಬಿಡುತ್ತಿದ್ದರೇ? ತಾನು ಊರನ್ನು ಮೇಲ್ಜಾತಿಯ, ಜಮೀನುಳ್ಳ ಗಂಡಸರ ಜೊತೆ ನಿಂತು ನೋಡಿದೆ, ಹರಿಜನರ ನಡುವೆ, ಮುಸ್ಲಿಮರ ನಡುವೆ ಇನ್ನಷ್ಟು ಹೊತ್ತು ಕಳೆಯಬೇಕಿತ್ತು, ಹೆಂಗಸರ ಲೋಕ ತನಗೆ ಹೆಚ್ಚಾಗಿ ದಕ್ಕಲಿಲ್ಲ ಎಂಬುದನ್ನು ಶ್ರೀನಿವಾಸ್ ಅದೇ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾರೆ. ಆ ಒಪ್ಪಿಗೆಯ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ಆದರೂ ಟಿಪ್ಪಣಿಗಳಲ್ಲೇ ಕಡಿಮೆ ಇದ್ದ ಕೇರಿ ನೆನಪಿನಲ್ಲಿ ಇನ್ನೂ ಕಡಿಮೆಯಾಗುತ್ತದೆ. ಬೆಂಕಿ ಎಲ್ಲವನ್ನೂ ಸಮನಾಗಿ ಸುಡಲಿಲ್ಲ.

ಎರಡನೆಯ ಬೆಂಕಿಯ ಸುದ್ದಿಯೂ ಶ್ರೀನಿವಾಸರ ಬರಹದಲ್ಲೇ ಇದೆ, 1950ರ ದಶಕದ ಲೇಖನದಲ್ಲಿ. ರಾಂಪುರದ ನೆರೆಯ ಹಳ್ಳಿಯೊಂದರಲ್ಲಿ ಕೇರಿಯವರು ಸಭೆ ಸೇರಿ ತೀರ್ಮಾನಿಸಿದರು: ಇನ್ನು ಮೇಲೆ ಊರಿನ ಸತ್ತ ದನ ಹೊರುವುದಿಲ್ಲ, ಹಬ್ಬದಲ್ಲಿ ತಮಟೆ ಬಾರಿಸುವುದಿಲ್ಲ, ಎಂಜಲೆಲೆ ಎತ್ತುವುದಿಲ್ಲ. ಊರಿನವರು ಅವರನ್ನು ಹೊಡೆದರು, ಗುಡಿಸಲುಗಳಿಗೆ ಬೆಂಕಿ ಹಚ್ಚಿದರು. ಲೇಖನದಲ್ಲಿ ಇದು ಎರಡು-ಮೂರು ವಾಕ್ಯ. ಆಮೇಲೆ ವಾದ ಮುಂದಕ್ಕೆ ಹೋಗುತ್ತದೆ.

ಆ ವಾಕ್ಯಗಳಲ್ಲಿ ನಿಂತು ಯೋಚಿಸಿದರೆ ಪಾಠ ಪುಸ್ತಕದ ಎಷ್ಟು ಪದಗಳು ಅಲುಗಾಡುತ್ತವೆ ನೋಡಿ. ಸತ್ತ ದನ ಮುಟ್ಟುವುದಿಲ್ಲ, ಎಂಜಲು ಎತ್ತುವುದಿಲ್ಲ ಎಂಬ ತೀರ್ಮಾನಕ್ಕೆ ‘ಸಂಸ್ಕೃತೀಕರಣ’ ಎಂಬ ಚೀಟಿ ಅಂಟಿಸಬಹುದು. ಮೈಲಿಗೆಯ ಕೆಲಸ ಬಿಟ್ಟು ಮೇಲಿನವರ ನಡೆಯನ್ನು ಅನುಸರಿಸಿ ಸ್ಥಾನ ಏರಿಸಿಕೊಳ್ಳುವ ಪ್ರಯತ್ನ ಎಂದು ಓದಬಹುದು. ಆದರೆ ಆ ಸಭೆಯಲ್ಲಿ ಕುಳಿತವರು ಬ್ರಾಹ್ಮಣರ ಹಾಗೆ ಆಗಲು ಹೊರಟಿದ್ದರೋ ಅಥವಾ ಬಿಟ್ಟಿ ಚಾಕರಿಗೆ ಒಲ್ಲೆ ಎಂದಿದ್ದರೋ? ಕೂಲಿಕಾರರು ಕೆಲಸ ನಿಲ್ಲಿಸಿದರೆ ಮುಷ್ಕರ ಎನ್ನುತ್ತೇವೆ, ಕೇರಿಯವರು ಕೆಲಸ ನಿಲ್ಲಿಸಿದರೆ ಅನುಕರಣೆ ಎನ್ನುತ್ತೇವೆ. ಪದ ಬದಲಾಗಿದ್ದು ನೋಡುವವನು ನಿಂತ ಜಾಗದಿಂದ. ಇನ್ನು ‘ಪ್ರಬಲ ಜಾತಿ’. ಎತ್ತಿನ ಮನೆಯಿಂದ ಪ್ರಾಬಲ್ಯ ಎಂದರೆ ಯಜಮಾನರು ಕಂಬಕ್ಕೊರಗಿ ಕುಳಿತು ನ್ಯಾಯ ಹೇಳುವುದು. ಆ ಕೇರಿಯಿಂದ ಪ್ರಾಬಲ್ಯ ಎಂದರೆ ನಡುರಾತ್ರಿ ತಲೆಯ ಮೇಲೆ ಹೊತ್ತಿ ಉರಿಯುವ ಹುಲ್ಲಿನ ಸೂರು. ಎರಡೂ ಒಂದೇ ಪದದ ಅರ್ಥಗಳು. ಮೊದಲನೆಯದು ಪಠ್ಯವಾಯಿತು.

ಸ್ಟ್ಯಾನ್‌ಫರ್ಡಿನ ಬೆಂಕಿಯ ತಾರೀಖು ನನಗೆ ಬಾಯಿಗೆ ಬರುತ್ತದೆ. ಈ ಬೆಂಕಿಯಲ್ಲಿ ಮನೆ ಕಳೆದುಕೊಂಡವರ ಒಂದು ಹೆಸರೂ ನನ್ನ ಪಾಠದಲ್ಲಿಲ್ಲ.

ಬರೀ ಶ್ರೀನಿವಾಸರ ದೋಷ ಎಂದು ಇದ‌ನ್ನು ಮುಗಿಸಿಬಿಡುವುದು ಸುಲಭ, ಅನ್ಯಾಯ ಕೂಡ. ಅವರ ಶಿಷ್ಯ ಆಂದ್ರೆ ಬೆತೈ ತಂಜಾವೂರಿನ ಹಳ್ಳಿಯಲ್ಲಿ ಅಧ್ಯಯನ ಮಾಡುವಾಗ ಇದ್ದದ್ದೂ ಅಗ್ರಹಾರದಲ್ಲಿ, ಚೇರಿಗೆ, ಅಂದರೆ ಅಲ್ಲಿನ ಕೇರಿಗೆ, ಹೋಗಿಬರುವುದು ಅವರಿಗೂ ಸಲೀಸಾಗಿರಲಿಲ್ಲ. ಬೇರೆ ಎಲ್ಲಿ ಇಳಿದುಕೊಂಡರೂ ಬೇರೆ ಯಾವುದೋ ಬಾಗಿಲು ಮುಚ್ಚುತ್ತಿತ್ತು. ಕೇರಿಯಲ್ಲಿ ಮಂಚ ಹಾಕಿದ್ದರೆ ಪಟೇಲರ ಅಂಗಳದ ಪಂಚಾಯ್ತಿ ನಮಗೆ ದಕ್ಕುತ್ತಿರಲಿಲ್ಲ, ‘ಪ್ರಬಲ ಜಾತಿ’ ಎಂಬ ಪದವೇ ಹುಟ್ಟುತ್ತಿರಲಿಲ್ಲವೇನೋ. ನನ್ನ ತಕರಾರು ಇರುವುದು ನಮ್ಮ ಪಠ್ಯಗಳ ಜೊತೆ. ಗ್ರಂಥದ ನೋಟ ತಪ್ಪು, ಕ್ಷೇತ್ರದ ನೋಟ ಸರಿ ಎಂದು ಬರೆದು ಅಲ್ಲಿಗೆ ಪೂರ್ಣವಿರಾಮ ಇಡುತ್ತವೆ. ಕ್ಷೇತ್ರ ಎಂದರೆ ಒಂದೇ ಬಯಲು, ಎಲ್ಲಿ ನಿಂತರೂ ಒಂದೇ ದೃಶ್ಯ ಎಂಬ ಹಾಗೆ.

1976ರಲ್ಲಿ ಶ್ರೀನಿವಾಸರ ಪುಸ್ತಕ ಬಂತು ಎಂದೆನಲ್ಲ, ಅದೇ ವರ್ಷ ಸಂಸತ್ತು ಜೀತ ರದ್ದತಿ ಕಾಯ್ದೆಯನ್ನೂ ತಂದಿತು. ಅದಕ್ಕೆ ಎರಡು ವರ್ಷ ಮೊದಲು ಕರ್ನಾಟಕದಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ತಂದಿತ್ತು. ನೆನಪಿನಲ್ಲಿ 1948ರ ಹಳ್ಳಿ ಅಲ್ಲಾಡದೆ ನಿಂತಿದ್ದಾಗ ಹೊರಗಿನ ಹಳ್ಳಿ ಎಲ್ಲಿಗೋ ಹೊರಟಿತ್ತು.

ಈಗೀಗ ನಾನು ಕ್ಷೇತ್ರಕಾರ್ಯಕ್ಕೆ ಹೊರಡುವ ಮಕ್ಕಳಿಗೆ ಮೊದಲ ಪುಟದಲ್ಲಿ ಮೂರು ಸಂಗತಿ ಬರೆಸುತ್ತೇನೆ. ಎಲ್ಲಿ ಇಳಿದುಕೊಂಡಿರಿ, ಯಾರ ಮನೆಯಲ್ಲಿ ಊಟ, ಊರಿಗೆ ಪರಿಚಯಿಸಿದವರು ಯಾರು. ಮಕ್ಕಳು ಇದನ್ನು ಹಾಜರಿ ಪುಸ್ತಕದಂತೆ ಬೇಗಬೇಗ ತುಂಬಿ ಮುಗಿಸುತ್ತಾರೆ. ಪರವಾಗಿಲ್ಲ, ಆಮೇಲೆ ಓದುವವರಿಗೆ ಬೇಕಾಗುತ್ತದೆ.

ಕಳೆದ ಸಲ ನಕ್ಷೆ ಬರೆಸಿದಾಗ ಒಂದು ಹಾಳೆ ಬೇರೆಯಾಗಿತ್ತು. ಬರೆದ ಹುಡುಗಿ ಕೇರಿಯವಳು. ಹಾಳೆಯ ನಡುವೆ ನಲ್ಲಿ, ಅದರ ಸುತ್ತ ಒಂದೊಂದೂ ಮನೆ, ಯಾವ ಮನೆಗೆ ಹಿತ್ತಲಿದೆ ಯಾವುದಕ್ಕಿಲ್ಲ ಎಂಬುದೂ ಸೇರಿ. ಕೂಲಿಗೆ ಹೋಗುವ ದಾರಿ, ಆ ದಾರಿಗೆ ಯಾರೋ ಬೇಲಿ ಹಾಕಿದ್ದರಿಂದ ಈಗ ಸುತ್ತಿ ಹೋಗುವ ದಾರಿ, ಎರಡೂ ಇದ್ದವು. ಊರು ಮೇಲಿನ ಮೂಲೆಯಲ್ಲಿತ್ತು. ದೇವಸ್ಥಾನವನ್ನೂ ಬರೆದಿದ್ದಳು. ಗೋಪುರ, ಕಳಸ, ಕಾಂಪೌಂಡ್ ಗೋಡೆ ಎಲ್ಲ ಅಳತೆ ಹಿಡಿದಂತೆ ಅಚ್ಚುಕಟ್ಟು. ಬಾಗಿಲು ಮಾತ್ರ ಇರಲಿಲ್ಲ. ಮರೆತುಬಿಟ್ಟೆಯಾ ಎಂದೆ.

“ಬಾಗಿಲು ಆ ಕಡೆಗಿದೆ ಸಾರ್,” ಎಂದಳು. “ನಮ್ಮ ಕಡೆಯಿಂದ ಕಾಣಲ್ಲ.”